ಹೃದಯಾಘಾತದ ನಂತರ ಹೃದಯದಲ್ಲಿ ಉಳಿಯುವ ಗಾಯದ ಕಲೆ ಗಟ್ಟಿಯಾಗಿದೆ ಎಂಬುದು ಸುತ್ತಲಿನ ಜೀವಕೋಶಗಳಿಗೆ ಹೇಗೆ ತಿಳಿಯುತ್ತದೆ?

ಜಗ್ಗಿ ನೋಡಿ ತಿಳಿದುಕೊಳ್ಳುತ್ತವೆ ಎಂಬುದೇ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಹೃದಯದ ಜೀವಕೋಶಗಳ ನಡುವೆ ಕೊಲಾಜೆನ್ ಮೊದಲಾದ ಪ್ರೋಟೀನ್ ಎಳೆಗಳಿಂದ ಹೆಣೆದ ಜಾಲವೊಂದಿದೆ. ಕೋಶಗಳು ತಮ್ಮ ಹೊರಪೊರೆಯಲ್ಲಿರುವ ಇಂಟೆಗ್ರಿನ್ ಎಂಬ ಪ್ರೋಟೀನುಗಳಿಂದ ಆ ಜಾಲವನ್ನು ಹಿಡಿದು ಎಳೆಯುತ್ತಿರುತ್ತವೆ; ಎಳೆತಕ್ಕೆ ಜಾಲ ಎಷ್ಟು ಮಣಿಯಿತು ಎಂಬುದರ ಮೇಲೆ ಕೋಶದೊಳಗಿನ ಸಂಕೇತಗಳು ಬದಲಾಗಿ, ಯಾವ ಜೀನ್ ಕೆಲಸ ಮಾಡಬೇಕೆಂಬುದೂ ಬದಲಾಗುತ್ತದೆ.

ಇದನ್ನು ಪರೀಕ್ಷಿಸಲು ನಮ್ಮಂಥ ಸಂಶೋಧಕರು ಪ್ರಯೋಗಾಲಯದಲ್ಲಿ ಪಾಲಿಅಕ್ರಿಲಮೈಡ್ ಎಂಬ ಕೃತಕ ವಸ್ತುವಿನ ಮೆತ್ತನೆಯ ಜೆಲ್ ಬಳಸುತ್ತೇವೆ. ಅದರ ಮಿಶ್ರಣದ ಪ್ರಮಾಣವನ್ನು ಬದಲಿಸಿ ಬೇಕಾದಷ್ಟು ಗಡಸುತನ ತರಬಹುದು. ಮೇಲೆ ಒಂದೇ ಬಗೆಯ ಕೊಲಾಜೆನ್ ಲೇಪಿಸಿದರೆ ಕೋಶಕ್ಕೆ ಸಿಗುವ ವ್ಯತ್ಯಾಸ ಬಹುಮಟ್ಟಿಗೆ ಗಡಸುತನದ್ದು ಮಾತ್ರ. 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಭ್ರೂಣದ ಹೃದಯಕೋಶಗಳು ಸುಮಾರು 10 ಕಿಲೋಪ್ಯಾಸ್ಕಲ್‌ನ (ಇದು ಗಡಸುತನದ ಅಳತೆ), ಅಂದರೆ ಆರೋಗ್ಯವಂತ ಹೃದಯದಷ್ಟೇ ಗಡಸಾದ ಜೆಲ್ ಮೇಲೆ ಚೆನ್ನಾಗಿ ಮಿಡಿದವು. ಕಲೆಯಷ್ಟು ಗಟ್ಟಿಯಾದ ಜೆಲ್ ಮೇಲೆ ಹೆಣಗಾಡಿ ಕ್ರಮೇಣ ಮಿಡಿಯುವುದನ್ನೇ ನಿಲ್ಲಿಸಿದವು.

ಆದರೆ ಗಟ್ಟಿಯಾಗುವ ಈ ರೋಗವನ್ನು ಮುಂದೊತ್ತುವುದು ಮುಖ್ಯವಾಗಿ ಜಾಲದ ಎಳೆಗಳನ್ನು ತಯಾರಿಸುವ ಫೈಬ್ರೊಬ್ಲಾಸ್ಟ್ ಕೋಶಗಳು. ಗಟ್ಟಿ ಜಾಲದ ಮೇಲೆ ಅವು ಸ್ನಾಯುವಿನಂತೆ ಸಂಕುಚಿಸಬಲ್ಲ ಮಯೋಫೈಬ್ರೊಬ್ಲಾಸ್ಟ್‌ಗಳಾಗಿ ಮಾರ್ಪಟ್ಟು ಇನ್ನಷ್ಟು ಜೋರಾಗಿ ಎಳೆಯುತ್ತವೆ. ಆ ಎಳೆತಕ್ಕೆ ಜಾಲದಲ್ಲಿ ನಿಷ್ಕ್ರಿಯವಾಗಿ ಕಟ್ಟಿಹಾಕಿದ್ದ ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನ್ ಬಿಡುಗಡೆಯಾಗಿ ಹೊಸ ಕೊಲಾಜೆನ್ ಹುಟ್ಟಿಸುತ್ತದೆ, ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ಆ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ, ಜಾಲ ಮತ್ತಷ್ಟು ಬಿರುಸಾಗುತ್ತದೆ: ಹೀಗೆ ಸಾಲದ ಬಡ್ಡಿಯಂತೆ ಅದು ತಾನಾಗಿ ಬೆಳೆಯುತ್ತದೆ. (ಪ್ರಯೋಗಾಲಯದಲ್ಲಿ ಕೋಶಗಳನ್ನು ಬೆಳೆಸುವ ಮಾಮೂಲಿ ಪ್ಲಾಸ್ಟಿಕ್ ತಟ್ಟೆ ಹೃದಯಕ್ಕಿಂತ ಲಕ್ಷಾಂತರ ಪಟ್ಟು ಗಡಸು; ಅದರಲ್ಲಿ ಇಟ್ಟರೆ ಸಾಕು, ಫೈಬ್ರೊಬ್ಲಾಸ್ಟ್‌ಗಳು ಕೆಲವೇ ದಿನಗಳಲ್ಲಿ ಬದಲಾಗುತ್ತವೆ. ಆದ್ದರಿಂದ ಬರೀ ತಟ್ಟೆಯಲ್ಲಿ ಪರೀಕ್ಷಿಸಿದ ಔಷಧದ ಫಲಿತಾಂಶವನ್ನು ನಾನು ಅನುಮಾನದಿಂದಲೇ ಓದುತ್ತೇನೆ.)

ಹಾಗೆಂದು ಕಲೆಯೇ ಆಗದಂತೆ ತಡೆಯುವುದು ಸರಿಯಲ್ಲ. ಸತ್ತ ಸ್ನಾಯುವಿನ ಜಾಗದಲ್ಲಿ ಗಟ್ಟಿ ಕೊಲಾಜೆನ್ ಬೇಗ ಕೂಡದಿದ್ದರೆ ರಕ್ತದ ಒತ್ತಡಕ್ಕೆ ಹೃದಯದ ಗೋಡೆ ತೆಳುವಾಗಿ ಉಬ್ಬಬಹುದು, ಒಡೆಯಲೂಬಹುದು. ತೊಂದರೆಯಿರುವುದು ಆಘಾತವಾಗದ ಭಾಗಕ್ಕೂ ಈ ಬಿರುಸು ಹಬ್ಬಿ, ಹೃದಯ ಸಡಿಲಗೊಂಡು ರಕ್ತ ತುಂಬಿಕೊಳ್ಳಲು ಅಡ್ಡಿಯಾಗುವುದರಲ್ಲಿ. ರಕ್ತದೊತ್ತಡ ಮತ್ತು ಹೃದಯರೋಗಕ್ಕೆ ಕೊಡುವ ಎಸಿಇ ಇನ್‌ಹಿಬಿಟರ್, ಸ್ಪೈರೊನೊಲ್ಯಾಕ್ಟೋನ್‌ನಂಥ ಔಷಧಗಳು ಈ ಹಬ್ಬುವಿಕೆಯನ್ನು ಸ್ವಲ್ಪ ಮಟ್ಟಿಗೆ ತಗ್ಗಿಸುತ್ತವೆ. ಆಗಲೇ ಬೆಸೆದುಕೊಂಡ ಕೊಲಾಜೆನ್ನನ್ನು ಬಿಡಿಸುವ ಔಷಧವಾಗಿ ಅವು ಕೆಲಸ ಮಾಡುವುದಿಲ್ಲ.