ಲ್ಯಾಮಿನೇಟ್ ಎಂಡಿಎಫ್‌ಗೆ ಸ್ಟ್ರೈಟ್ ಬಿಟ್: ಒಂದು ಫ್ಲೂಟಾ, ಎರಡಾ?

18 ಮಿಮೀ ಲ್ಯಾಮಿನೇಟ್ ಎಂಡಿಎಫ್‌ಗೆ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ರೂಟರ್‌ನಲ್ಲಿ 6 ಮಿಮೀ ಸ್ಟ್ರೈಟ್ ಬಿಟ್ (ನೇರ ಅಲಗಿನ ಕತ್ತರಿಸುವ ತುದಿ) ಹಾಕಿದರೆ ಅಂಚು ಕಪ್ಪಾಗುತ್ತಿದೆ, ಒಂದು ಫ್ಲೂಟಿನದು (ಅಂದರೆ ಒಂದೇ ಅಲಗಿನದು) ತಗೊಳ್ಳಲಾ ಅಂತ ಕೇಳಿದ್ದೀರಿ. ತಗೊಳ್ಳಿ, ಆದರೆ ಮೊದಲು ಲೆಕ್ಕ ನೋಡಿ. ನಿಮ್ಮದು ಎರಡು ಫ್ಲೂಟ್, 18,000 ಆರ್‌ಪಿಎಂ, ಫೀಡ್ (ಬಿಟ್ ಮುಂದೆ ಸಾಗುವ ವೇಗ) ನಿಮಿಷಕ್ಕೆ 1,200 ಮಿಮೀ. ಅಂದರೆ ಒಂದೊಂದು ಅಲಗು ತೆಗೆಯುವುದು ಬರೀ 0.03 ಮಿಮೀ. ಅದು ಕತ್ತರಿಸುವುದಲ್ಲ, ಸುಮ್ನೆ ಉಜ್ಜುವುದು, ಸುಡದೆ ಇನ್ನೇನಾಗುತ್ತೆ? ಬೆರಳಲ್ಲಿ ಪುಡಿ ಹಿಡಿದು ನೋಡಿ, ಹಿಟ್ಟಿನ ಹಾಗೆ ನುಣ್ಣಗೆ ಬಿಸಿಯಾಗಿದ್ದರೆ ಫೀಡ್ ಕಮ್ಮಿ ಅಂತ ಅರ್ಥ. ಒಂದು ಫ್ಲೂಟ್ ಆದರೆ ಅದೇ ಫೀಡಿಗೆ ಪದರ ಎರಡರಷ್ಟು ದಪ್ಪ ಬರುತ್ತೆ, ಪುಡಿ ಹೋಗೋಕೆ ಜಾಗವೂ ಜಾಸ್ತಿ.

ಸ್ಟ್ರೈಟ್ ಬಿಟ್ ಪುಡಿಯನ್ನು ಮೇಲಕ್ಕೆ ಎತ್ತುವುದಿಲ್ಲ, ಕೆಳಕ್ಕೂ ತಳ್ಳುವುದಿಲ್ಲ, ಅದಕ್ಕೇ ಲ್ಯಾಮಿನೇಟ್ ಅಷ್ಟಾಗಿ ಚಕ್ಕೆ ಏಳುವುದಿಲ್ಲ, ಆದರೆ ಆಳದ ತೋಡಿನಲ್ಲಿ ಪುಡಿ ತುಂಬಿಕೊಂಡು ಬಿಟ್ ಬಿಸಿಯಾಗುತ್ತೆ. ಒಂದೇ ಸಲ 18 ಮಿಮೀ ಇಳಿಸಬೇಡಿ, 4–5 ಮಿಮೀ ಪಾಸ್ ಸಾಕು, ವ್ಯಾಕ್ಯೂಮ್ ಹಚ್ಚಿ. ನೇರ ಚುಚ್ಚುವ ಮುಂಚೆ ತುದಿಯ ನಡುವೆ ಅಲಗಿದೆಯಾ ನೋಡಿ, ಇಲ್ಲದಿದ್ದರೆ ಓರೆಯಾಗಿ ಇಳಿಸಿ.

ಕಾರ್ಬೈಡ್ (ತುಂಬ ಗಟ್ಟಿಯಾದ ವಸ್ತು) ಬಿಟ್ ಮಾತ್ರ ತಗೊಳ್ಳಿ. ಎಂಡಿಎಫ್‌ನ ಅಂಟು ಎಚ್‌ಎಸ್‌ಎಸ್ (ಹೈ-ಸ್ಪೀಡ್ ಸ್ಟೀಲ್) ಬಿಟ್ಟನ್ನು ಬೇಗ ಮೊಂಡು ಮಾಡುತ್ತೆ, ನಾನೂ ಹಾಗೇ ಒಂದು ಹಾಳು ಮಾಡಿಕೊಂಡಿದ್ದೀನಿ.