ಡ್ಯಾನ್ಯೂಬ್ ಕ್ರೂಸ್ ಮುಗಿದ ದಿನವೇ ಬುಡಾಪೆಸ್ಟ್‌ನಿಂದ ವಿಮಾನ ಹಿಡಿಯಬಹುದೇ?

ಜರ್ಮನಿಯ ಪಾಸೌನಿಂದ ಹಂಗೇರಿಯ ಬುಡಾಪೆಸ್ಟ್‌ವರೆಗೆ ಏಳು ರಾತ್ರಿಯ ಡ್ಯಾನ್ಯೂಬ್ ಕ್ರೂಸ್ ಕಾಯ್ದಿರಿಸಿದ್ದೀರಿ. ಕೊನೆಯ ಎರಡು ದಿನ ಹೇಗಿರುತ್ತವೆ, ಇಳಿದ ದಿನವೇ ಮಧ್ಯಾಹ್ನದ ವಿಮಾನ ಹಿಡಿಯಬಹುದೇ ಎಂದು ಕೇಳಿದ್ದೀರಿ. ವಿಮಾನದ ಮಾತು ಮೊದಲು: ಹಿಡಿಯಬಹುದು, ಆದರೆ ಬೇಡ.

ನಾನು, ಹೆಂಡತಿ, ಅತ್ತೆ ಇದೇ ದಾರಿಯಲ್ಲಿ ಹೋಗಿದ್ದೆವು. ವಿಯೆನ್ನಾ ಮುಗಿಯುವಷ್ಟರಲ್ಲಿ ಅರಮನೆ, ಚರ್ಚು ಎಲ್ಲವೂ ಸಾಕುಸಾಕಾಗಿತ್ತು. ಬ್ರಾಟಿಸ್ಲಾವಾದ ಹಳೆಯ ಊರು ಚಿಕ್ಕದು, ಅರ್ಧ ದಿನದಲ್ಲಿ ನಡೆದೇ ಸುತ್ತಿಬರಬಹುದು. ಅದಾದ ಮೇಲೆ ಬರುವ ಗಾಬ್ಚಿಕೋವೊ ಲಾಕ್ ಅನ್ನು ಮಾತ್ರ ನಿದ್ದೆಯಲ್ಲಿ ಕಳೆದುಕೊಳ್ಳಬೇಡಿ. ಹಡಗನ್ನು ತೊಟ್ಟಿಯಂಥ ಜಾಗದೊಳಗೆ ನಿಲ್ಲಿಸಿ, ಗೇಟು ಮುಚ್ಚಿ, ನೀರನ್ನು ಹೊರಬಿಡುತ್ತಾ ಸುಮಾರು 20 ಮೀಟರ್ ಕೆಳಗಿಳಿಸುತ್ತಾರೆ. ನಮ್ಮ ಹಡಗು ಅಲ್ಲಿಗೆ ಬಂದಾಗ ರಾತ್ರಿಯಾಗಿತ್ತು. ಕಿಟಕಿಯಾಚೆ ಕೈಗೆಟಕುವಷ್ಟು ಹತ್ತಿರ, ಪಾಚಿಗಟ್ಟಿದ ಕಾಂಕ್ರೀಟ್ ಗೋಡೆ ನೀರು ತೊಟ್ಟಿಕ್ಕಿಸುತ್ತಾ ಮೇಲೇರತೊಡಗಿತು. ಒಂದಿಷ್ಟೂ ಸದ್ದಿಲ್ಲ, ಕುಲುಕಾಟವಿಲ್ಲ. "ಗೋಡೆ ಬೆಳೆಯುತ್ತಿದೆಯಲ್ಲಪ್ಪಾ" ಎಂದರು ಅತ್ತೆ. ಇಳಿಯುತ್ತಿರುವುದು ನಾವು ಎಂದು ಅವರಿಗೆ ಒಪ್ಪಿಸಲು ಮರುದಿನ ತಿಂಡಿಯವರೆಗೂ ಹಿಡಿಯಿತು.

ಕೊನೆಯ ಸಂಜೆ ಬಹಳಷ್ಟು ಹಡಗುಗಳು ಬುಡಾಪೆಸ್ಟ್‌ನ ದೀಪ ತೋರಿಸಲು ನದಿಯಲ್ಲಿ ಒಂದು ಸುತ್ತು ಹೊಡೆಯುತ್ತವೆ. ಮೊದಲೇ ಮೇಲಿನ ಡೆಕ್ಕಿಗೆ ಹೋಗಿ ಕುಳಿತುಬಿಡಿ; ಕೆಳಗಿನ ಹಾಲ್‌ನ ಗಾಜಿನೊಳಗಿಂದ ನೋಡಿದರೆ ಕಾಣುವುದು ನಿಮ್ಮದೇ ಮುಖ. ಗಾಳಿ ಚಳಿ, ಸ್ವೆಟರ್ ಇರಲಿ. 1849ರ ಚೈನ್ ಸೇತುವೆಯ ಕೆಳಗೆ ಹಾದು ಬಂದರೆ ಬಲಗಡೆಗೋ ಎಡಗಡೆಗೋ, ಹಡಗು ತಿರುಗಿರುವ ದಿಕ್ಕಿನಂತೆ, ಸಂಸತ್ ಭವನ. ಅದರ ಗುಮ್ಮಟ 96 ಮೀಟರ್; ಮಗ್ಯಾರರು, ಅಂದರೆ ಹಂಗೇರಿಯನ್ನರ ಪೂರ್ವಜರು, ಈ ನೆಲಕ್ಕೆ ಬಂದದ್ದು 896ರಲ್ಲಿ ಎಂಬ ನೆನಪಿಗೆ ಆ ಲೆಕ್ಕ. ಹಳದಿ ಬೆಳಕು ನೀರಿನಲ್ಲಿ ನಡುಗುವುದನ್ನು ನೋಡುತ್ತಾ ಡೆಕ್ಕಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿದ್ದರು. ಮೊಬೈಲ್‌ಗಳು ಮಾತ್ರ ಮೇಲೆದ್ದಿದ್ದವು, ನನ್ನದೂ ಸೇರಿ.

ಆಮೇಲೆ ಶುರುವಾಗುತ್ತದೆ ಗಡಿಬಿಡಿ. ಲೆಕ್ಕ ಚುಕ್ತಾ ಮಾಡಬೇಕು, ಸಿಬ್ಬಂದಿಯ ಟಿಪ್ಸ್ ಲಕೋಟೆಗೆ ಹಾಕಬೇಕು. ರಿಸೆಪ್ಷನ್‌ನವರು ಮೊದಲ ದಿನ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಅದನ್ನು ಕೇಳಿ ಪಡೆಯಬೇಕು. ಪೆಟ್ಟಿಗೆಗಳನ್ನು ಕೋಣೆಯ ಹೊರಗಿಡಲು ಒಂದು ಹೊತ್ತು ಹೇಳಿರುತ್ತಾರೆ. ನಾನು ರಾತ್ರಿಯೇ ಬಹಳ ಶ್ರದ್ಧೆಯಿಂದ ಎಲ್ಲವನ್ನೂ ತುಂಬಿ ಹೊರಗಿಟ್ಟೆ. ಬೆಳಿಗ್ಗೆ ನೋಡಿದರೆ ಬೂಟುಗಳೂ ಪೆಟ್ಟಿಗೆಯೊಳಗೆ! ಹಡಗಿನವರ ಬಿಳಿ ಬಟ್ಟೆಯ ಚಪ್ಪಲಿಯಲ್ಲೇ ಕಟ್ಟೆಗಿಳಿದೆ. ಹೆಂಡತಿ ಇಂದಿಗೂ ಬಿಟ್ಟಿಲ್ಲ. ಅಲ್ಲಿ ಹಡಗುಗಳನ್ನು ಎರಡು ಮೂರು ಪಕ್ಕಪಕ್ಕ ಕಟ್ಟುವುದರಿಂದ ಇನ್ನೊಂದು ಹಡಗಿನ ಲಾಬಿ ದಾಟಿಯೇ ದಡ ಸೇರಬೇಕಾಗಬಹುದು, ಅಪರಿಚಿತರ ಮುಂದೆ ಆ ಚಪ್ಪಲಿಯ ಮೆರವಣಿಗೆ.

ಈಗ ವಿಮಾನಕ್ಕೆ ಬರೋಣ. ಸಾಮಾನ್ಯವಾಗಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕೋಣೆ ಖಾಲಿ ಮಾಡಿಸುತ್ತಾರೆ. ಆದರೆ ನದಿ ವೇಳಾಪಟ್ಟಿ ಕೇಳುವುದಿಲ್ಲ. 2022ರ ಬೇಸಿಗೆಯಲ್ಲಿ ನೀರಿಲ್ಲದೆ, 2024ರ ಸೆಪ್ಟೆಂಬರ್‌ನಲ್ಲಿ ಪ್ರವಾಹದಿಂದ ಡ್ಯಾನ್ಯೂಬ್‌ನ ಹಡಗುಗಳ ಓಡಾಟ ಏರುಪೇರಾಯಿತು. ಅಂಥ ಹೊತ್ತಿನಲ್ಲಿ ಕೊನೆಯ ಹಂತಕ್ಕೆ ಬಸ್ಸಿನಲ್ಲಿ ಕರೆದೊಯ್ಯುವುದುಂಟು. ಅದಕ್ಕೇ ಒಂದು ರಾತ್ರಿ ಪೆಸ್ಟ್ ಕಡೆಯ, ಅಂದರೆ ನದಿಯ ಪೂರ್ವ ದಡದ, ಹೋಟೆಲಿನಲ್ಲಿ ಉಳಿಯಿರಿ. ಮರುದಿನ ಡೆಆಕ್ ಚೌಕದಿಂದ 100ಇ ಬಸ್ಸು ನೇರ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ನಗರ ಸಾರಿಗೆಯ ಸಾಮಾನ್ಯ ಪಾಸ್ ಅದರಲ್ಲಿ ನಡೆಯದು, ಬೇರೆ ಟಿಕೆಟ್ ಬೇಕು. ಕೈಯಲ್ಲಿ ಒಂದಿಷ್ಟು ಫೋರಿಂಟ್ (ಹಂಗೇರಿಯ ಹಣ) ಇರಲಿ.

ಉಳಿದ ಆ ದಿನ ನಾವು ನದಿಯ ಗುಂಟ ಓಡುವ 2ನೇ ನಂಬರಿನ ಟ್ರಾಮ್ ಹತ್ತಿದೆವು. ನಮ್ಮ ಹಡಗು ಇನ್ನೂ ಕಟ್ಟೆಯಲ್ಲೇ ನಿಂತಿತ್ತು. ಅತ್ತೆ ಕಿಟಕಿಗಳನ್ನು ಎಣಿಸಿ ನಮ್ಮ ಕೋಣೆಯನ್ನು ಗುರುತು ಹಿಡಿದರು. ಆಗಲೇ ಅಲ್ಲಿ ಯಾರೋ ಪರದೆ ಸರಿಸಿ ಟ್ರಾಮ್ ನೋಡುತ್ತಿದ್ದರು.