ಮದುವೆಗೆ ಅವನೂ ಬರಲಿ, ಇಡೀ ದಿನ ಮಾತ್ರ ಬೇಡ

ಓದುಗರ ಪತ್ರ: ಮುಂದಿನ ತಿಂಗಳು ನನ್ನ ಮದುವೆ. ನಮ್ಮ ನಾಯಿಗೆ ಈಗ 6 ವರ್ಷ, ಮರಿಯಾಗಿದ್ದಾಗಿಂದ ನನ್ನ ಕೈಯಲ್ಲೇ ಬೆಳೆದವನು. ಉಂಗುರ ಅವನೇ ಹೊತ್ತು ತರಬೇಕು, ದಿನವಿಡೀ ಜೊತೆಗಿರಬೇಕು ಅಂತ ನಮ್ಮಿಬ್ಬರಿಗೂ ಆಸೆ. ಪಟಾಕಿ ಸದ್ದು ಕೇಳಿದರೆ ಮಾತ್ರ ಮಂಚದ ಕೆಳಗೆ ಸೇರಿಕೊಳ್ಳುತ್ತಾನೆ. ಅಮ್ಮ ‘ಮದುವೆಯಲ್ಲಿ ನಾಯಿಗೇನು ಕೆಲಸ’ ಅನ್ನುತ್ತಾರೆ. ಏನು ಮಾಡಲಿ?

ಸಂಪಾದಕರ ಉತ್ತರ: ಖಂಡಿತ ಕರೆದುಕೊಂಡು ಹೋಗಿ. ಇಷ್ಟು ವರ್ಷ ಜೊತೆಗಿದ್ದವನನ್ನು ಅವತ್ತೇ ಬಿಟ್ಟು ಹೋಗಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಆದರೆ ಇಡೀ ದಿನ ಬೇಡ. ಅರ್ಧ ಗಂಟೆ, ತೀರಾ ಅಂದರೆ ಒಂದು ಗಂಟೆ ಸಾಕು. ಕಾರಣ ನಿಮ್ಮ ಪತ್ರದಲ್ಲೇ ಇದೆ. ಮನೆಯಲ್ಲಿ ಹೆದರಿದರೆ ಅವನಿಗೆ ಮಂಚವಿದೆ. ಅಲ್ಲಿ ಅದೂ ಇರುವುದಿಲ್ಲ.

ನಮ್ಮ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ, ನಾಯಿಗೆ ಸುಮಾರು 45,000ದವರೆಗೆ. ಅಂದರೆ ನಮಗೆ ಕೇಳದ ಸದ್ದೂ ಅವನ ಕಿವಿಗೆ ಬೀಳುತ್ತಿರುತ್ತದೆ. ಅದರ ಮೇಲೆ ಸ್ಪೀಕರು, ಗುರುತೇ ಇಲ್ಲದ ಜನ, ಬಂದವರೆಲ್ಲ ಬಗ್ಗಿ ತಲೆ ಸವರುವುದು.

ಹೆದರಿದ ನಾಯಿ ಬೊಗಳಿಯೇ ತೋರಿಸಬೇಕು ಅಂತೇನಿಲ್ಲ. ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ಎದುರಿಗೆ ತಿಂಡಿ ಇಲ್ಲದಿದ್ದರೂ ನಾಲಿಗೆಯಿಂದ ಮೂಗು, ತುಟಿ ನೆಕ್ಕಿಕೊಳ್ಳುತ್ತದೆ. ಮುಖ ಆಚೆ ತಿರುಗಿಸುತ್ತದೆ, ಕಣ್ಣಂಚಿನಲ್ಲಿ ಬಿಳಿ ಕಾಣುತ್ತದೆ, ಬಾಲ ಹಿಂಗಾಲಿನ ನಡುವೆ ಹೋಗುತ್ತದೆ. ಫೋಟೋದಲ್ಲಿ ಬಾಯಿ ತೆರೆದು ನಗುತ್ತಿದೆ ಅನ್ನಿಸುವ ಎಷ್ಟೋ ನಾಯಿಗಳು ಅಸಲಿಗೆ ಗಾಬರಿಯಿಂದ ಏದುಸಿರು ಬಿಡುತ್ತಿರುತ್ತವೆ. ಗುರ್ ಅನ್ನುವುದು ಸಾಮಾನ್ಯವಾಗಿ ಇದೆಲ್ಲ ಆದಮೇಲೆ. ಆಗ ಗದರಬೇಡಿ, ಸುಮ್ನೆ ಹೊರಗೆ ಕರೆದೊಯ್ಯಬೇಕು.

ಇದನ್ನೆಲ್ಲ ಅವತ್ತು ನೋಡುವವರು ಯಾರು? ನೀವಂತೂ ಅಲ್ಲ, ನಿಮಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. ಹಾಗಾಗಿ ಅವನಿಗೆ ಚೆನ್ನಾಗಿ ಗೊತ್ತಿರುವ ಒಬ್ಬರನ್ನು ಈಗಲೇ ಒಪ್ಪಿಸಿ. ಅವರಿಗೆ ಬೇರೆ ಯಾವ ಕೆಲಸವನ್ನೂ ಹಚ್ಚಬೇಡಿ. ಬೆಲ್ಟು ಅವರ ಕೈಯಲ್ಲೇ ಇರಲಿ, ‘ಇವನಿಗೆ ಸಾಕಾಯಿತು’ ಅಂತ ಅವರಿಗೆ ಅನ್ನಿಸಿದ ಕೂಡಲೇ ಯಾರನ್ನೂ ಕೇಳದೆ ಮನೆಗೆ ಕರೆದುಕೊಂಡು ಹೋಗಲಿ. ಇಂಥವರು ಸಿಗದಿದ್ದರೆ ನಾಯಿಯನ್ನು ಕರೆದೊಯ್ಯಲೇಬೇಡಿ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಕೊರಳಪಟ್ಟಿಗೆ ಫೋನ್ ನಂಬರ್ ಬರೆದ ಬಿಲ್ಲೆ ಹಾಕಿ. ಗಾಬರಿಯಾದ ನಾಯಿ ತೆರೆದ ಬಾಗಿಲು ಕಂಡರೆ ಓಡಿಬಿಡುತ್ತದೆ.

ಉಂಗುರದ ವಿಷಯ. ನಿಜವಾದ ಉಂಗುರ ಸ್ನೇಹಿತರ ಜೇಬಿನಲ್ಲಿರಲಿ, ನಾಯಿಯ ಕೊರಳಿಗೆ ಹಗುರವಾದ ನಕಲಿ ಉಂಗುರ ಕಟ್ಟಿ. ಬೋ ಟೈ, ಅಂಗಿ ಏನೇ ಹಾಕುವುದಿದ್ದರೂ ಈಗಿನಿಂದಲೇ ದಿನಕ್ಕೆ ಐದೈದು ನಿಮಿಷ ಹಾಕಿ, ತಿಂಡಿ ಕೊಟ್ಟು ರೂಢಿ ಮಾಡಿಸಿ. ಕೆರೆದು ಕಿತ್ತುಹಾಕಲು ನೋಡಿದರೆ ಬಿಟ್ಟುಬಿಡಿ.

ಅಲ್ಲಿ ಯಾರೂ ಅವನಿಗೆ ತಿನ್ನಲು ಕೊಡಬಾರದು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ಸಕ್ಕರೆರಹಿತ ಮಿಠಾಯಿಗಳಲ್ಲಿ ಬಳಸುವ ಕ್ಸೈಲಿಟಾಲ್ ಅಂತೂ ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸುತ್ತದೆ. ಅಲಂಕಾರದ ಹೂಗಳಲ್ಲಿ ಕಣಗಿಲೆ ಇದ್ದರೆ ತೆಗೆಸಿ. ಅದರ ವಿಷ ಹೃದಯಕ್ಕೇ ತಾಗುತ್ತದೆ.

ಸದ್ದಿಗೆ ಹೆದರುತ್ತಾನಲ್ಲ, ಒಂದು ಮಾತ್ರೆ ಕೊಟ್ಟರೆ ಆಯ್ತು ಅಂತ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಪಶುವೈದ್ಯರನ್ನು ಕೇಳದೆ ಕೊಡಬೇಡಿ. ಕೆಲವು ಮಾತ್ರೆಗಳು ಮೈಯನ್ನು ಮಂಕು ಮಾಡುತ್ತವೆ, ಒಳಗಿನ ಭಯ ಹಾಗೇ ಇರುತ್ತದೆ. ಅಲುಗಾಡಲಾಗದೆ ಹೆದರುತ್ತಾ ಕೂರುವುದು ಇನ್ನೂ ಕಷ್ಟ ಅಲ್ವಾ?

ಅಮ್ಮನ ಮಾತನ್ನೂ ತಳ್ಳಿಹಾಕಬೇಡಿ. ನಾಯಿ ಕಂಡರೆ ಹೆದರುವವರು, ಅಲರ್ಜಿ ಇರುವವರು, ಚಿಕ್ಕ ಮಕ್ಕಳು ಬಂದೇ ಬರುತ್ತಾರೆ. ಅವರನ್ನೆಲ್ಲ ಸಂಭಾಳಿಸುವ ಹೊಣೆ ತಮ್ಮ ತಲೆಗೇ ಬರುತ್ತದೆ ಎಂಬ ಚಿಂತೆ ಅಮ್ಮನಿಗೆ ಇರಬಹುದು. ಅವನು ಯಾವ ಹೊತ್ತಿಗೆ ಬರುತ್ತಾನೆ, ಯಾರ ಜೊತೆ ಇರುತ್ತಾನೆ, ಯಾವಾಗ ಹೊರಡುತ್ತಾನೆ ಅಂತ ಬಿಡಿಸಿ ಹೇಳಿ ನೋಡಿ. ಅತಿಥಿಗಳಿಗೂ ಮೊದಲೇ ತಿಳಿಸಿ.

ನಾಯಿಗೆ ಪ್ರವೇಶವಿದೆಯೇ ಅಂತ ಕೇಳಿಕೊಂಡು, ಮದುವೆಗೆ ಒಂದು ವಾರ ಮುಂಚೆ ಅವನನ್ನು ಆ ಜಾಗಕ್ಕೆ ಕರೆದೊಯ್ದು ಸುತ್ತಾಡಿಸಿ, ಸ್ಪೀಕರ್ ಸಣ್ಣಗೆ ಹಾಕಿಸಿ. ಮೂಸಿ ನೋಡುತ್ತಾ ಆರಾಮಾಗಿ ಓಡಾಡಿದರೆ ಸರಿ. ಬಾಗಿಲ ಕಡೆಗೇ ಎಳೆದರೆ ಆ ಯೋಚನೆ ಕೈಬಿಡಿ. ಆಗ ಮದುವೆ ದಿನ ಬೆಳಿಗ್ಗೆ, ತಯಾರಾದ ಮೇಲೆ, ನೀವಿಬ್ಬರೂ ಅವನ ಜೊತೆ ಮನೆಯಲ್ಲೇ ಕೂತು ಫೋಟೋ ತೆಗೆಸಿಕೊಳ್ಳಿ. ಫೋಟೋಗ್ರಾಫರಿಗೆ ಫ್ಲ್ಯಾಶ್ ಬೇಡ ಅಂತ ಮೊದಲೇ ಹೇಳಿಡಿ.